ಸಮುದಾಯ ಸಹಭಾಗಿ ವಿಜ್ಞಾನ ಶಿಕ್ಷಣ

ಸಮುದಾಯ ಸಹಭಾಗಿ ವಿಜ್ಞಾನ ಶಿಕ್ಷಣವು ಶಾಲೆಯ ವಿಜ್ಞಾನ ಕಲಿಕೆಯಲ್ಲಿ ಪಾಲಕರು, ರೈತರು, ಕುಶಲಕರ್ಮಿಗಳು ಮತ್ತು ಸ್ಥಳೀಯ ಸಂಸ್ಥೆಗಳನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವ ಬೋಧನಾ ಪದ್ಧತಿಯಾಗಿದೆ. ಯುರೋಪಿನಲ್ಲಿ ಇದನ್ನು 'ಓಪನ್ ಸ್ಕೂಲಿಂಗ್' ಎನ್ನುತ್ತಾರೆ. ದೂರಶಿಕ್ಷಣದ 'ಮುಕ್ತ ಶಾಲೆ'ಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಸಾಮ್ಯದಿಂದ ಈ ಗೊಂದಲ ಆಗಾಗ ಉಂಟಾಗುತ್ತದೆ.

ಹಿನ್ನೆಲೆ

ಯುರೋಪಿಯನ್ ಆಯೋಗವು 2015ರಲ್ಲಿ ಪ್ರಕಟಿಸಿದ ವಿಜ್ಞಾನ ಶಿಕ್ಷಣ ಕುರಿತ ವರದಿಯು ಶಾಲೆಗಳು ಸಮುದಾಯದೊಡನೆ ಕೂಡಿ ಕೆಲಸ ಮಾಡಬೇಕೆಂದು ಶಿಫಾರಸು ಮಾಡಿತು. ಆದರೆ ಭಾರತದಲ್ಲಿ ಈ ವಿಚಾರ ಅದಕ್ಕಿಂತ ಬಹಳ ಹಳೆಯದು. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮವು 1972ರಲ್ಲಿಯೇ ಗ್ರಾಮೀಣ ಶಾಲೆಗಳಲ್ಲಿ ಸ್ಥಳೀಯ ಪರಿಸರವನ್ನಾಧರಿಸಿದ ಪ್ರಯೋಗಗಳನ್ನು ಆರಂಭಿಸಿತ್ತು. 1993ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ತಂಡವಾಗಿ ತಮ್ಮ ಊರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ವರದಿ ಮಂಡಿಸುತ್ತಾರೆ.

ಕರ್ನಾಟಕದಲ್ಲಿ

1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ಭಾರತ ಜ್ಞಾನ ವಿಜ್ಞಾನ ಸಮಿತಿಗಳು ಈ ಕ್ಷೇತ್ರದಲ್ಲಿ ದುಡಿದಿವೆ. 2001ರ ಸರ್ಕಾರಿ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾಗಿ, ಪಾಲಕರಿಗೆ ಶಾಲೆಯ ಆಡಳಿತದಲ್ಲಿ ಸ್ಥಾನ ದೊರೆಯಿತು. ಈ ಸಮಿತಿಗಳ ಗಮನ ಹೆಚ್ಚಾಗಿ ಕಟ್ಟಡ, ಬಿಸಿಯೂಟ ಮುಂತಾದವುಗಳ ಮೇಲೆಯೇ ಉಳಿಯಿತೆಂಬುದು ಅನುಭವದ ಮಾತು. ಪಾಠದ ಒಳಗೆ ಊರವರು ಬಂದದ್ದು ಅಪರೂಪ.

ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು 2019–20ನೆಯ ಸಾಲಿನ 'ಮಕ್ಕಳ ವಿಜ್ಞಾನ ಹಬ್ಬ' ಹಾಗೂ 2022–23ರಲ್ಲಿ ಸಮೂಹ ಸಂಪನ್ಮೂಲ ಕೇಂದ್ರ ಮಟ್ಟದಲ್ಲಿ ನಡೆದ 'ಕಲಿಕಾ ಹಬ್ಬ'. 'ಆಡು-ಹಾಡು', 'ಕಾಗದ-ಕತ್ತರಿ', 'ಮಾಡು-ಆಡು', 'ಊರು ತಿಳಿಯೋಣ' ಎಂಬ ಚಟುವಟಿಕೆಯ ಮೂಲೆಗಳಲ್ಲಿ ಕೊನೆಯದೇ ಇಲ್ಲಿ ಮುಖ್ಯವಾದುದು. ಇದರಲ್ಲಿ ಮಕ್ಕಳು ತಂಡಗಳಾಗಿ ಊರಿನಲ್ಲಿ ಸಂಚರಿಸಿ, ಹಿರಿಯರನ್ನು ಪ್ರಶ್ನಿಸಿ, ನಕ್ಷೆ ಬರೆದು, ಕಂಡುದನ್ನು ಮಂಡಿಸುತ್ತಾರೆ. ಅಂದು ಉತ್ತರ ಹೇಳುವವರು ಗುರುಗಳಲ್ಲ, ಊರಿನವರು.

ನವಲಗುಂದ ಪರಿಸರದ ಪ್ರಸ್ತುತತೆ

ಧಾರವಾಡ ಜಿಲ್ಲೆಯ ನವಲಗುಂದ ಮತ್ತು ಅಣ್ಣಿಗೇರಿ ತಾಲ್ಲೂಕುಗಳು ಎರೆ ಭೂಮಿಯ ಸೀಮೆ. ಈ ಮಣ್ಣಿನ ಜೇಡಿಯು ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬಿರುಕಿನೊಳಗೆ ಕೋಲು ಇಳಿಸಿ ಆಳ ಅಳೆಯುವುದು ಐದನೆಯ ತರಗತಿಯ ಮಗುವಿಗೂ ಸಾಧ್ಯ. ಅದೇ ಬಿರುಕು ಮನೆಯ ಗೋಡೆಯನ್ನೇಕೆ ಸೀಳುತ್ತದೆಂದು ಊರಿನ ಗೌಂಡಿ ವಿವರಿಸಬಲ್ಲನು.

ನೀರಿನ ವಿಷಯ ಇನ್ನೂ ಗಂಭೀರವಾದುದು. ಇಲ್ಲಿ ಅಂತರ್ಜಲವು ಬಹುಮಟ್ಟಿಗೆ ಸವಳು. ಆದುದರಿಂದ ಅನೇಕ ಗ್ರಾಮಗಳು ಕುಡಿಯುವ ನೀರಿಗೆ ಕೆರೆಯನ್ನೇ ಅವಲಂಬಿಸಿವೆ. ಸವದತ್ತಿ ಸಮೀಪದ ನವಿಲುತೀರ್ಥ ಅಣೆಕಟ್ಟಿನಿಂದ ಬರುವ ಮಲಪ್ರಭಾ ಕಾಲುವೆಯ ನೀರಿನಿಂದ ಈ ಕೆರೆಗಳನ್ನು ತುಂಬಿಸಲಾಗುತ್ತದೆ. ಕೊಳವೆ ಬಾವಿಯ ನೀರನ್ನೂ ಕೆರೆಯ ನೀರನ್ನೂ ಸಮ ಪ್ರಮಾಣದಲ್ಲಿ ಎರಡು ತಟ್ಟೆಗಳಲ್ಲಿಟ್ಟು ಬಿಸಿಲಿಗೆ ಆರಿಸಿದರೆ, ಉಳಿಯುವ ಉಪ್ಪಿನ ವ್ಯತ್ಯಾಸ ಕಣ್ಣಿಗೇ ಕಾಣುವಂತಹದು. ಕಾಲುವೆ ನೀರಾವರಿ ಮಿತಿಮೀರಿದಾಗ ಎರೆ ಹೊಲವು ಸವಳು-ಜವಳಾಗುವ ಪ್ರಕ್ರಿಯೆಯನ್ನು ಪಠ್ಯಪುಸ್ತಕಕ್ಕಿಂತ ಮೊದಲು ಅನುಭವಿಸಿದವರು ರೈತರು. ಬೆಣ್ಣಿಹಳ್ಳದ ನೆರೆ ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತೆಂಬುದೂ ಹಿರಿಯರ ನೆನಪಿನಲ್ಲಿದೆ. ಮಕ್ಕಳು ಅದನ್ನು ಗೋಡೆಗಳ ಮೇಲೆ ಗುರುತಿಸಿ ನಕ್ಷೆಗೆ ಇಳಿಸಿದರೆ ಊರಿಗೇ ಉಪಯುಕ್ತ ದಾಖಲೆಯಾಗುತ್ತದೆ. ಮಳೆ ನಕ್ಷತ್ರಗಳ ಗಾದೆಗಳನ್ನು ಮಾತ್ರ ಮಳೆಮಾಪಕದ ಅಂಕಿಗಳೊಡನೆ ಹೋಲಿಸಿಯೇ ಒಪ್ಪಬೇಕು. ಹಿರಿಯರ ಮೇಲಿನ ಗೌರವವು ಪರೀಕ್ಷೆಯನ್ನು ತಪ್ಪಿಸಲಾರದು.

ನವಲಗುಂದದ ಪ್ರಸಿದ್ಧ ಜಮಖಾನೆಯ ನೇಯ್ಗೆಯು ಸಮಮಿತಿ ಮತ್ತು ಎಣಿಕೆಯ ಪಾಠಕ್ಕೆ ಒದಗುತ್ತದೆ. ನೇಯುವವರು ಮಹಿಳೆಯರಾದುದರಿಂದ ತಾಯಂದಿರು ತರಗತಿಗೆ ಬೋಧಕರಾಗಿ ಬರಲು ಇದು ಸಹಜ ಮಾರ್ಗ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರವೂ ಜಿಲ್ಲೆಯ ಶಾಲೆಗಳಿಗೆ ಲಭ್ಯವಿದೆ.

ಮಿತಿಗಳು

ಹಬ್ಬವು ಎರಡು ದಿನಗಳಲ್ಲಿ ಮುಗಿಯುತ್ತದೆ. ನೀರಿನ ಉಪ್ಪಿನಂಶವನ್ನು ವರ್ಷವಿಡೀ ಅಳೆಯಬೇಕಾಗುತ್ತದೆ. ಏಕೋಪಾಧ್ಯಾಯ ಅಥವಾ ದ್ವಿಶಿಕ್ಷಕ ಶಾಲೆಗಳಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯಲು ಕೈ ಸಾಲದು. ಹೆಸರು ಬಿಡಿಸುವ, ಕಡಲೆ ಕೀಳುವ ಸುಗ್ಗಿಯ ದಿನಗಳಲ್ಲಿ ಪಾಲಕರಿಗೂ ಬಿಡುವಿಲ್ಲ, ಎಷ್ಟೋ ಮಕ್ಕಳಿಗೂ ಇಲ್ಲ. ಮೆರವಣಿಗೆ ಮತ್ತು ಅತಿಥಿಗಳ ಭಾಷಣಗಳೇ ದಿನವನ್ನು ನುಂಗುವುದೂ ಉಂಟು. ಮಕ್ಕಳು ಕಂಡುಹಿಡಿದ ಸಂಗತಿಯನ್ನು, ಉದಾಹರಣೆಗೆ ಕೆರೆಯ ನೀರು ಕಲುಷಿತವಾಗಿದೆಯೆಂಬುದನ್ನು, ಗ್ರಾಮ ಸಭೆಯ ಮುಂದಿಡುವ ನಿಯತ ವ್ಯವಸ್ಥೆ ಇಲ್ಲದಿದ್ದಲ್ಲಿ ವರದಿಯು ಶಾಲೆಯ ಕಪಾಟಿನಲ್ಲಿಯೇ ಉಳಿಯುತ್ತದೆ.