ಕೆಂಪು ಗುರುತು ಬಿದ್ದ ಮೇಲೆ

ನನ್ನ ಚಿಗವ್ವ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ತನ್ನ ಮೊಬೈಲ್ ನನ್ನ ಕೈಗಿಟ್ಟು, "ತಮ್ಮಾ, ನೀ ಬೆಂಗಳೂರಾಗ ಇಂಥಾವೇ ಆಪ್ ಮಾಡ್ತಿಯಲ್ಲ, ಇದನ್ನೊಂದೀಟು ನೋಡು" ಅಂದಳು. ನೋಡಿದೆ. ಮೂವತ್ತು ದಾಟಿದವರ ಪಟ್ಟಿ. ಅದರಲ್ಲಿ ನಮ್ಮ ದೊಡ್ಡಪ್ಪನ ಹೆಸರೂ ಇತ್ತು. ಬಿಪಿ 170/110, ಪಕ್ಕದಲ್ಲಿ ಕೆಂಪು ಗುರುತು, ಕೆಳಗೆ 'ರೆಫರ್ ಮಾಡಲಾಗಿದೆ'. ತಾರೀಖು ಹಿಂದಿನ ವರ್ಷದ ಶ್ರಾವಣದ್ದು.

ಆ ಶ್ರಾವಣದಲ್ಲಿ ದೊಡ್ಡಪ್ಪನಿಗೆ ಒಂದು ತಿಂಗಳ ಗುಳಿಗೆ ಕೊಟ್ಟಿದ್ದರು. ದಸರಾ ಮುಗಿಸಿಕೊಂಡು ಅವನು, ದೊಡ್ಡವ್ವ ಇಬ್ಬರೂ ಗ್ಯಾಂಗಿನ ಜೊತೆ ಕಬ್ಬು ಕಡಿಯಲು ಸಾಂಗ್ಲಿ ಕಡೆ ಹೋದರು. ಜನವರಿಯಲ್ಲಿ ಅಲ್ಲೇ, ರವದಿ ಹೊದಿಸಿದ ಗುಡಿಸಲಲ್ಲಿ, ಲಕ್ವಾ ಹೊಡೆಯಿತು. ನಾನು ಮೊಬೈಲ್ ನೋಡುತ್ತಿದ್ದಾಗ ಅವನು ಪಡಸಾಲೆಯಲ್ಲಿ ಕೂತು ಎಡಗೈಯಿಂದ ಹೋಳಿಗೆ ಮುರಿಯಲು ಒದ್ದಾಡುತ್ತಿದ್ದ.

ಯಂತ್ರ ಸುಳ್ಳು ಹೇಳಿರಲಿಲ್ಲ. ಆಪ್ ಕೂಡ ಸರಿಯಾಗಿಯೇ ಹಿಡಿದಿತ್ತು. ಹಾಗಾದರೆ ತಪ್ಪಿದ್ದೆಲ್ಲಿ? ಬೆಂಗಳೂರಿಗೆ ಮರಳಿದ ಮೇಲೂ ಈ ಪ್ರಶ್ನೆ ಬಿಡಲಿಲ್ಲ. ನಮ್ಮ ಕಡೆ ಜನರನ್ನು ಹೀಗೆ ಸಾಲು ಹಿಡಿದು ತಪಾಸಣೆ ಮಾಡುವುದು ಯಾವಾಗಿನಿಂದ ನಡೆದಿದೆ ಅಂತ ಹುಡುಕುತ್ತಾ ಹೋದೆ.

1896ರಲ್ಲಿ ಎರಡು ಸಂಗತಿ ನಡೆದವು. ಇಟಲಿಯ ರಿವಾ-ರೋಚಿ ಎಂಬ ವೈದ್ಯ ತೋಳಿಗೆ ಪಟ್ಟಿ ಸುತ್ತಿ, ಪಾದರಸದ ಕೊಳವೆಯಲ್ಲಿ ರಕ್ತದೊತ್ತಡ ಅಳೆಯುವ ಉಪಕರಣ ತಂದ. ಚಿಗವ್ವನ ಚೀಲದಲ್ಲಿರುವ ಡಿಜಿಟಲ್ ಬಿಪಿ ಯಂತ್ರ ಅದರ ಮರಿಮಗ. ಅದೇ ವರ್ಷ ಮುಂಬೈಗೆ ಪ್ಲೇಗ್ ಬಂತು. ಆಗ ವಿಜಾಪುರ ಮುಂಬೈ ಪ್ರಾಂತ್ಯದ ಜಿಲ್ಲೆ. ಮರುವರ್ಷ ಬಂದ 1897ರ ಸಾಂಕ್ರಾಮಿಕ ರೋಗ ಕಾಯ್ದೆ, ರೈಲಿನಲ್ಲಿ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡಿ, ಸಂಶಯ ಬಂದರೆ ಬೇರೆ ಇಡುವ ಅಧಿಕಾರ ಕೊಟ್ಟಿತು. ತೊಡೆಸಂದಿ, ಕಂಕುಳಲ್ಲಿ ಗಂಟು ಇದೆಯೋ ಇಲ್ಲವೋ ಮುಟ್ಟಿ ನೋಡುವುದು ಆಗಿನ ಸ್ಕ್ರೀನಿಂಗ್. ಹೆಣ್ಣುಮಕ್ಕಳನ್ನು ಗಂಡಸರು ಹಾಗೆ ನೋಡಿದ್ದಕ್ಕೆ ಜನ ಕೆರಳಿದರು. ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು 1897ರ ಜೂನ್‌ನಲ್ಲಿ ಪುಣೆಯಲ್ಲಿ ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದ ಕಥೆ ನಿಮಗೆ ಗೊತ್ತೇ ಇದೆ. ಸಿಕ್ಕಿಬಿದ್ದವನಿಗೆ ಮುಂದೆ ಕೊಡಲು ಔಷಧವೇ ಇರಲಿಲ್ಲ, ಎತ್ತಿ ಕ್ಯಾಂಪಿಗೆ ಹಾಕುವುದಷ್ಟೇ. ಅದಕ್ಕೇ ಜನ ರೋಗ ಮುಚ್ಚಿಟ್ಟರು.

ಇಲ್ಲೊಂದು ಅಡ್ಡಮಾತು. ಹೋಟಗಿ-ಗದಗ ರೈಲು ಮಾರ್ಗ ಇಂಡಿ ಮತ್ತು ಬಸವನ ಬಾಗೇವಾಡಿ ತಾಲೂಕುಗಳನ್ನು ಹಾದು ಹೋಗುತ್ತದೆ, ಸಿಂದಗಿ ಮತ್ತು ಮುದ್ದೇಬಿಹಾಳವನ್ನು ಮುಟ್ಟುವುದೇ ಇಲ್ಲ. ಆಗ ಹಳಿ ಇದ್ದಲ್ಲಿ ತಪಾಸಣೆ, ಈಗ ನೆಟ್‌ವರ್ಕ್ ಇದ್ದಲ್ಲಿ.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಮಾತ್ರ 1963ರ ಒಂದು ಅಧ್ಯಯನ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೂರು ವರ್ಷಕ್ಕೆ, 1959ರಲ್ಲಿ, ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಆಗಿನ ಹೊಸ ತಂತ್ರಜ್ಞಾನ ಅಂದರೆ ಊರೂರಿಗೆ ಒಯ್ಯಬಹುದಾದ ಸಣ್ಣ ಎಕ್ಸ್‌ರೇ. ಎಲ್ಲರ ಎದೆಯ ಚಿತ್ರ ತೆಗೆದರೆ ರೋಗಿಗಳೆಲ್ಲ ಸಿಕ್ಕಿಬಿಡುತ್ತಾರೆ ಎಂಬ ನಂಬಿಕೆ. ಆದರೆ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸಿದಾಗ ಬೇರೆಯೇ ಚಿತ್ರ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾರೂ ಕರೆಯದೆ, ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು! ರೋಗಿಯನ್ನು ಹುಡುಕುವ ವಾಹನಕ್ಕಿಂತ, ಬಾಗಿಲಿಗೆ ಬಂದವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆಮೇಲೆ ಅವನನ್ನು ಕೈಬಿಡದೆ ತಿಂಗಳುಗಟ್ಟಲೆ ಗುಳಿಗೆ ಕೊಡುವ ವ್ಯವಸ್ಥೆ ಬೇಕಿತ್ತು. ದೇಶದ ಕ್ಷಯ ಕಾರ್ಯಕ್ರಮ ರೂಪುಗೊಂಡಿದ್ದೇ ಈ ತಿಳಿವಳಿಕೆಯ ಮೇಲೆ. ಇದನ್ನು ಓದುವಾಗ ನನಗೆ ಕಂಡಿದ್ದು ದೊಡ್ಡಪ್ಪ.

2020ರಲ್ಲಿ ಅದೇ 1897ರ ಕಾಯ್ದೆ ಧೂಳು ಕೊಡವಿಕೊಂಡು ಎದ್ದಿತು. ಮಹಾರಾಷ್ಟ್ರದಿಂದ ನಮ್ಮವರು ವಾಪಸು ಬರಬೇಕಾದರೆ ಮೊದಲು ಸೇವಾ ಸಿಂಧುವಿನಲ್ಲಿ ಹೆಸರು ಹಾಕಬೇಕು, ಆಮೇಲೆ ಭೀಮಾ ದಾಟಿ ಧೂಳಖೇಡದ ಚೆಕ್‌ಪೋಸ್ಟಿಗೆ ಬರಬೇಕು. ಕ್ವಾರಂಟೈನ್ ವಾಚ್ ಎಂಬ ಆಪ್ ಅಂತೂ ಮನೆಯಲ್ಲಿದ್ದವರಿಂದ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕೇಳುತ್ತಿತ್ತು. ಮನುಷ್ಯ ಎಲ್ಲಿದ್ದಾನೆ ಅಂತ ಗಂಟೆಗೊಮ್ಮೆ ತಿಳಿಯುವುದು ಸಾಧ್ಯ ಅಂತ ಅವತ್ತು ಗೊತ್ತಾಯಿತು. ಬಿಪಿ ಗುಳಿಗೆ ಮುಗಿದವನು ಎಲ್ಲಿದ್ದಾನೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈಗಿನ ಮನೆಮನೆ ತಪಾಸಣೆಗೆ ದೇಶಕ್ಕೆಲ್ಲ ಒಂದೇ ನಮೂನೆ, ಸಿಬ್ಯಾಕ್ ಅಂತಾರೆ. ವಯಸ್ಸು, ತಂಬಾಕು, ದಾರು, ಸೊಂಟದ ಅಳತೆ, ಮನೆಯಲ್ಲಿ ಯಾರಿಗಾದರೂ ಬಿಪಿ-ಶುಗರ್ ಇದೆಯಾ, ಹೀಗೆ ಪ್ರಶ್ನೆಗಳು. ಅಂಕ 4 ದಾಟಿದರೆ ಅಂಥವರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು. ಅದರಲ್ಲೊಂದು ಪ್ರಶ್ನೆ, ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡ್ತೀರಾ? ಕಬ್ಬು ಕಡಿದು ಹೊರೆ ಹೊತ್ತು ಟ್ರ್ಯಾಕ್ಟರಿಗೆ ತುಂಬುವವನಿಗೆ ಇದನ್ನು ಕೇಳಲು ನಾಚಿಕೆ ಆಗ್ತದ ಅಂತ ಚಿಗವ್ವ ನಗುತ್ತಾಳೆ. ನಮೂನೆ ಕೆಟ್ಟದ್ದೇನಲ್ಲ. ನಮ್ಮಂಥ ಕುರ್ಚಿಗೆ ಅಂಟಿದವರಿಗೆ ಹೇಳಿ ಮಾಡಿಸಿದಂತಿದೆ.

ಬೇರೆ ಥರದ ಆಪ್‌ಗಳೂ ಇವೆ. ಪಂಜಾಬ್, ಮಹಾರಾಷ್ಟ್ರಗಳಲ್ಲಿ ಬಳಸಿದ 'ಸಿಂಪಲ್' ಎಂಬ ಆಪ್ ಹೊಸಬರನ್ನು ಹಿಡಿಯುವುದರ ಜೊತೆಗೆ, ಗುಳಿಗೆಗೆ ಬರಬೇಕಾಗಿದ್ದೂ ಬಾರದವರ ಪಟ್ಟಿ ತೋರಿಸುತ್ತದೆ, ನರ್ಸ್ ಅಲ್ಲಿಂದಲೇ ಫೋನ್ ಮಾಡಬಹುದು. ಕೋಡ್ ಬರೆಯುವವನಾಗಿ ಹೇಳುತ್ತೇನೆ, ಅದೇನು ಕಷ್ಟದ ಕೆಲಸವಲ್ಲ. ಯಾರೋ ಕೂತು ಆ ಪಟ್ಟಿ ಬೇಕು ಅಂತ ಕೇಳಬೇಕು, ಅಷ್ಟೇ.

ಮೊಬೈಲ್ ವಾಪಸು ಕೊಟ್ಟಾಗ ಚಿಗವ್ವ ಚೀಲದಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದಳು. ಕೊನೆಯ ಎರಡು ಹಾಳೆಗಳಲ್ಲಿ ದಸರಾ ಆದಮೇಲೆ ಊರು ಬಿಡುವವರ ಹೆಸರು, ಯಾವ ಗ್ಯಾಂಗು, ಯಾವ ಕಾರ್ಖಾನೆ, ಮುಕಾದಮನ ಫೋನ್ ನಂಬರು, ಎಷ್ಟು ಗುಳಿಗೆ ಒಯ್ದಿದ್ದಾರೆ, ಎಲ್ಲ ಪೆನ್ನಿನಲ್ಲಿ. ದೊಡ್ಡಪ್ಪನಿಗೆ ಲಕ್ವಾ ಹೊಡೆದ ಮೇಲೆ ಶುರು ಮಾಡಿದ್ದಂತೆ.

"ಇದನ್ನ ಅದರಾಗ ಹಾಕಾಕ ಬರತೈತೇನು ನೋಡು" ಅಂದಳು.

ನೋಡಿದೆ. ಆ ಆಪಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಎರಡೂ ಹಾಳೆಗಳ ಫೋಟೊ ತೆಗೆದುಕೊಂಡೆ. ಈ ಚಳಿಗಾಲ ಪ್ರತಿ ಭಾನುವಾರ ನಾನೇ ಆ ಮುಕಾದಮರಿಗೆ ಫೋನ್ ಮಾಡುತ್ತಿದ್ದೇನೆ. ಇಬ್ಬರು ಎತ್ತುವುದಿಲ್ಲ.