ಆಯ್ಕೆಯ ಮೈದಾನದಲ್ಲಿ ತರಬೇತುದಾರರನ್ನು ಕಾಣುವ ಕ್ರಮ: ಗಡಿನಾಡಿನ ಎಳೆಯ ಕ್ರೀಡಾಪಟುಗಳಿಗೂ ರಕ್ಷಕರಿಗೂ ಒಂದು ಕೈಪಿಡಿ

ಉಪಜಿಲ್ಲಾ ಕ್ರೀಡಾಕೂಟದಲ್ಲಿ ಗೆದ್ದ ಮಗು ಕಂದಾಯ ಜಿಲ್ಲಾ ಕೂಟಕ್ಕೆ ಹೋಗುತ್ತದೆ, ಅಲ್ಲಿ ಗೆದ್ದರೆ ರಾಜ್ಯ ಕೂಟಕ್ಕೆ. ಕೇರಳದ ಶಾಲಾ ಕ್ರೀಡೆಯ ಈ ಮೆಟ್ಟಿಲುಗಳು ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಹೊಸತಲ್ಲ. ಆದರೆ ಈ ಕೂಟಗಳ ಮೈದಾನದಂಚಿನಲ್ಲಿ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಕ್ರೀಡಾಶಾಲೆ, ಕ್ರೀಡಾ ವಸತಿನಿಲಯ ಹಾಗೂ ಕಾಲೇಜುಗಳ ತರಬೇತುದಾರರು ಸ್ಟಾಪ್‌ವಾಚ್ ಮತ್ತು ಟಿಪ್ಪಣಿ ಪುಸ್ತಕ ಹಿಡಿದು ಮುಂದಿನ ವರ್ಷಕ್ಕೆ ಬೇಕಾದ ಮಕ್ಕಳನ್ನು ಗುರುತಿಸುತ್ತಿರುತ್ತಾರೆ. ಬೇರೆ ಶಾಲೆಗಳ ಮಕ್ಕಳು ಸ್ಪರ್ಧೆ ಮುಗಿದೊಡನೆ ಅವರ ಬಳಿ ಹೋಗಿ ಮಾತನಾಡುತ್ತಾರೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಪ್ರಮಾಣಪತ್ರ ಪಡೆದು ನೇರವಾಗಿ ಬಸ್ಸು ಹತ್ತುತ್ತಾರೆ.

ಇದಕ್ಕೆ ಕಾರಣ ಕ್ರೀಡಾಸಾಮರ್ಥ್ಯದ ಕೊರತೆಯಲ್ಲ, ಭಾಷೆಯ ಸಂಕೋಚ. ಆ ಸಂಕೋಚವನ್ನು ಬೆಳೆಸುವುದರಲ್ಲಿ ಶಿಕ್ಷಕರಾದ ನಮ್ಮ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ಜಿಲ್ಲಾ ಕೂಟವೊಂದರಲ್ಲಿ ಉದ್ದಜಿಗಿತದಲ್ಲಿ ಎರಡನೆಯ ಸ್ಥಾನ ಪಡೆದ ನಮ್ಮ ವಿದ್ಯಾರ್ಥಿನಿಯನ್ನು ತರಬೇತುದಾರರೊಬ್ಬರು ಮಲಯಾಳದಲ್ಲಿ ಮಾತನಾಡಿಸಿದರು. ಆಕೆ ತಲೆ ತಗ್ಗಿಸಿದಳು. ಜತೆಗಿದ್ದ ನಾವೇ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದೆವು. ಅವರು ಪುಸ್ತಕ ಮುಚ್ಚಿ, ಮೂರನೆಯ ಸ್ಥಾನ ಪಡೆದ ಹುಡುಗಿಯ ಕಡೆ ನಡೆದರು. ಮಗುವಿನ ಬಾಯಿಂದ ಬರಬೇಕಾದ ನಾಲ್ಕು ಮಾತುಗಳನ್ನು ನಾವು ಕಸಿದುಕೊಂಡಿದ್ದೆವೆಂಬುದು ಮನೆಗೆ ಮರಳುವ ದಾರಿಯಲ್ಲಿ ನಮಗೆ ಹೊಳೆಯಿತು. ಈ ಲೇಖನವನ್ನು ಬರೆಯಲು ಅದೇ ಪ್ರೇರಣೆ.

ಆಯ್ಕೆ ಎಲ್ಲೆಲ್ಲಿ ನಡೆಯುತ್ತದೆ?

ಕೇರಳದಲ್ಲಿ ರಾಜ್ಯ ಸ್ಪೋರ್ಟ್ಸ್ ಕೌನ್ಸಿಲ್ ನಡೆಸುವ ಶಾಲಾ ಹಾಗೂ ಕಾಲೇಜು ಕ್ರೀಡಾ ವಸತಿನಿಲಯಗಳಿವೆ. ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆ ಮತ್ತು ಕಣ್ಣೂರಿನ ಕ್ರೀಡಾ ವಿಭಾಗ ಸರಕಾರಿ ಸಂಸ್ಥೆಗಳು. ತಲಶ್ಶೇರಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಕತ್ತಿವರಸೆ ಆಟಗಾರ್ತಿ ಭವಾನಿ ದೇವಿ ಚೆನ್ನೈಯಿಂದ ಬಂದು ತರಬೇತಿ ಪಡೆದದ್ದು ಅಲ್ಲಿಯೇ. ಪದವಿ ಹಂತದಲ್ಲಿ ಚಂಗನಾಶ್ಶೇರಿಯ ಅಸಂಪ್ಷನ್, ಪಾಲಾದ ಅಲ್ಫೋನ್ಸಾ, ಕೋದಮಂಗಲದ ಮಾರ್ ಅಥನೇಷಿಯಸ್, ಇರಿಂಜಾಲಕುಡದ ಕ್ರೈಸ್ಟ್ ಮೊದಲಾದ ಕಾಲೇಜುಗಳು ಕ್ರೀಡೆಗೆ ಹೆಸರಾಗಿವೆ. ಕರ್ನಾಟಕದ ಕಡೆ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಸ್ವೀಕರಿಸಿ ಓದಿಸುತ್ತದೆ. ಅಲ್ಲಿ ಕನ್ನಡ ಮಾಧ್ಯಮ ಶಾಲೆಯೂ ಇದೆ.

ಪ್ಲಸ್ ಒನ್ ಪ್ರವೇಶದಲ್ಲಿ ಕ್ರೀಡಾ ಮೀಸಲು ಸ್ಥಾನಗಳಿವೆ. ಮೊದಲು ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲಿನಲ್ಲಿ ಪ್ರಮಾಣಪತ್ರಗಳ ಪರಿಶೀಲನೆಯಾಗಿ ಅಂಕಪಟ್ಟಿ ದೊರೆಯಬೇಕು. ಅನಂತರವೇ ಶಾಲೆಗಳನ್ನು ಆರಿಸಿ ಅರ್ಜಿ ಸಲ್ಲಿಸಬೇಕು. ಮೊದಲ ಹಂತದ ದಿನಾಂಕ ತಪ್ಪಿದರೆ ಎರಡನೆಯ ಹಂತಕ್ಕೆ ಅವಕಾಶವಿರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಸಂಭ್ರಮದಲ್ಲಿ ಇದನ್ನು ಮರೆಯಬಾರದು.

ಇತರ ರಾಜ್ಯಗಳ ನಮ್ಮ ಬಂಧುಗಳು ತಮ್ಮ ತಮ್ಮ ಜಿಲ್ಲಾ ಕೇಂದ್ರದ ಕ್ರೀಡಾ ಕಚೇರಿಯನ್ನು ವಿಚಾರಿಸಬೇಕು. ತಾಳವಾಡಿಯವರಿಗೆ ಈರೋಡು, ಹೊಸೂರಿನವರಿಗೆ ಕೃಷ್ಣಗಿರಿ, ಜತ್ತಿನವರಿಗೆ ಸಾಂಗ್ಲಿ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ, ಆದೋನಿಯವರಿಗೆ ಕರ್ನೂಲು, ರಾಯದುರ್ಗದವರಿಗೆ ಅನಂತಪುರ. ತಮಿಳುನಾಡಿನಲ್ಲಿ ಕ್ರೀಡಾಭಿವೃದ್ಧಿ ಪ್ರಾಧಿಕಾರದ ವಸತಿನಿಲಯಗಳೂ ಮಹಾರಾಷ್ಟ್ರದಲ್ಲಿ ಕ್ರೀಡಾ ಪ್ರಬೋಧಿನಿಯೂ ತೆಲಂಗಾಣದಲ್ಲಿ ಹಕೀಂಪೇಟೆಯ ಕ್ರೀಡಾಶಾಲೆಯೂ ಆಂಧ್ರದಲ್ಲಿ ಕಡಪದ ಕ್ರೀಡಾಶಾಲೆಯೂ ಇವೆ. ಕೊನೆಯ ಎರಡಕ್ಕೆ ನಾಲ್ಕನೆಯ ತರಗತಿಯ ಹಂತದಲ್ಲೇ ಪ್ರವೇಶ ಆರಂಭವಾಗುತ್ತದೆ. ಜತ್ತ, ಅಕ್ಕಲಕೋಟೆ ಕಡೆಯ ಕುಸ್ತಿಯ ಹುಡುಗರಿಗೆ ಬೆಳಗಾವಿಯ ಮರಾಠಾ ರೆಜಿಮೆಂಟಿನ ಬಾಯ್ಸ್ ಸ್ಪೋರ್ಟ್ಸ್ ಕಂಪನಿ ಒಂದು ದಾರಿ.

ತರಬೇತುದಾರರ ಕಣ್ಣು ಏನನ್ನು ಅರಸುತ್ತದೆ?

1976ರಲ್ಲಿ ಕೇರಳ ಸರಕಾರ ಕಣ್ಣೂರಿನಲ್ಲಿ ಹುಡುಗಿಯರಿಗಾಗಿ ಕ್ರೀಡಾ ವಿಭಾಗವನ್ನು ತೆರೆದಾಗ ಸೇರಿದವರಲ್ಲಿ ಪಿ.ಟಿ. ಉಷಾ ಒಬ್ಬರು. ಅವರ ಗುರು ಒ.ಎಂ. ನಂಬಿಯಾರ್, ಆ ಹುಡುಗಿಯ ತೆಳ್ಳನೆಯ ಮೈಕಟ್ಟು ಮತ್ತು ಚುರುಕಾದ ನಡಿಗೆಯೇ ಮೊದಲ ನೋಟಕ್ಕೆ ತಮ್ಮನ್ನು ಸೆಳೆದವೆಂದು ಮುಂದೆ ಹೇಳಿಕೊಂಡರು. ಎಂಟು ವರ್ಷಗಳ ಬಳಿಕ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೆಯ ಒಂದಂಶದಲ್ಲಿ. ನಂಬಿಯಾರ್ ಅವರಿಗೆ 1985ರಲ್ಲಿ, ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದ ವರ್ಷವೇ, ಆ ಗೌರವ ಸಂದಿತು.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು: ತರಬೇತುದಾರರು ಇಂದಿನ ಪದಕವನ್ನು ಮಾತ್ರವಲ್ಲ, ನಾಲ್ಕೈದು ವರ್ಷಗಳ ಬಳಿಕದ ದೇಹವನ್ನೂ ಊಹಿಸುತ್ತಿರುತ್ತಾರೆ. ಎತ್ತರ, ಕೈಕಾಲುಗಳ ನೀಳ, ಓಟದ ಹೆಜ್ಜೆ, ಸೋತ ಬಳಿಕದ ವರ್ತನೆ, ಹೇಳಿದ್ದನ್ನು ಒಡನೆಯೇ ಮಾಡಿ ನೋಡುವ ಗುಣ, ಇವೆಲ್ಲ ಅವರ ಲೆಕ್ಕದಲ್ಲಿರುತ್ತವೆ. ವಾರ್ಮ್ ಅಪ್‌ ಮಾಡುವ ರೀತಿ, ಜತೆಗಾರರೊಡನೆ ನಡೆದುಕೊಳ್ಳುವ ರೀತಿಯೂ ಅವರ ಗಮನಕ್ಕೆ ಬರುತ್ತವೆ. ಆದುದರಿಂದ ನಾಲ್ಕನೆಯ ಸ್ಥಾನ ಪಡೆದ ಮಗುವೂ ಹೋಗಿ ಮಾತನಾಡಬಹುದು. ಅದಕ್ಕೆ ಪದಕದ ಅರ್ಹತೆ ಬೇಕಿಲ್ಲ.

ಬಹಿರಂಗ ಆಯ್ಕೆಯಾದರೆ ಸಾಮಾನ್ಯವಾಗಿ 30 ಮೀಟರ್ ಓಟ, ನಿಂತಲ್ಲಿಂದ ಉದ್ದಜಿಗಿತ, ಶಟಲ್ ಓಟ, ಮೆಡಿಸಿನ್ ಬಾಲ್ ಎಸೆತ, 800 ಮೀಟರ್ ಓಟದಂತಹ ಪರೀಕ್ಷೆಗಳಿರುತ್ತವೆ. ಇವನ್ನು ಶಾಲೆಯ ಅಂಗಳದಲ್ಲೇ ಎರಡು ತಿಂಗಳು ಅಭ್ಯಾಸ ಮಾಡಬಹುದು.

ಹೋಗುವ ಮುನ್ನ ಸಿದ್ಧವಾಗಿರಬೇಕಾದದ್ದು

ಒಂದೇ ಪುಟದ ಪರಿಚಯ ಪತ್ರ ಸಾಕು. ಮಗುವಿನ ಹೆಸರು, ಜನ್ಮದಿನಾಂಕ, ಶಾಲೆ, ತರಗತಿ, ಎತ್ತರ, ತೂಕ, ಸ್ಪರ್ಧೆ, ಅತ್ಯುತ್ತಮ ಸಾಧನೆ, ಅದು ಎಲ್ಲಿ ಯಾವ ದಿನ ದಾಖಲಾಯಿತು, ದೈಹಿಕ ಶಿಕ್ಷಣ ಶಿಕ್ಷಕರ ಹಾಗೂ ರಕ್ಷಕರ ದೂರವಾಣಿ ಸಂಖ್ಯೆ, ಇಷ್ಟು ಅದರಲ್ಲಿರಲಿ. ಒಂದು ಬದಿ ಆ ರಾಜ್ಯದ ಭಾಷೆಯಲ್ಲಿ ಅಥವಾ ಇಂಗ್ಲಿಷಿನಲ್ಲಿ, ಇನ್ನೊಂದು ಬದಿ ಕನ್ನಡದಲ್ಲಿರಲಿ. ಮುಖ್ಯೋಪಾಧ್ಯಾಯರ ಸಹಿ, ಶಾಲೆಯ ಮೊಹರು ಇರಲಿ. ಐದಾರು ಪ್ರತಿಗಳನ್ನು ಒಯ್ಯಬೇಕು. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಬಿಟ್ಟುಬರಬಾರದು. ನಕಲು ಪ್ರತಿಗಳನ್ನು ಮಾತ್ರ ಕೊಡಬೇಕು. ಆಧಾರ್, ಜನನ ಪ್ರಮಾಣಪತ್ರ, ಶಾಲಾ ದಾಖಲೆ ಈ ಮೂರರಲ್ಲೂ ಹೆಸರಿನ ಅಕ್ಷರ ಮತ್ತು ಜನ್ಮದಿನಾಂಕ ಒಂದೇ ರೀತಿ ಇವೆಯೇ ಎಂದು ತಿಂಗಳುಗಳ ಮೊದಲೇ ನೋಡಿಕೊಳ್ಳಬೇಕು. ಕನ್ನಡದ ಹೆಸರುಗಳು ಬೇರೆ ಲಿಪಿಗೆ ಹೋಗುವಾಗ ಬದಲಾಗುವುದು ನಮ್ಮಲ್ಲಿ ಸಾಮಾನ್ಯ.

ಸಾಧನೆಯನ್ನು ಇದ್ದಂತೆಯೇ ಬರೆಯಬೇಕು. ಕೈಯ ಸ್ಟಾಪ್‌ವಾಚಿನಲ್ಲಿ ಅಳೆದ ಸಮಯವಾದರೆ ಹಾಗೆಂದೇ ಸೂಚಿಸಬೇಕು. ನೂರು ಮೀಟರ್ ಓಟದಲ್ಲಿ ಕೈಯಳತೆಯನ್ನು ವಿದ್ಯುನ್ಮಾನ ಅಳತೆಗೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವುದು ರೂಢಿ. ಇದನ್ನು ತರಬೇತುದಾರರು ಬಲ್ಲರು. ಹೆಚ್ಚಿಸಿ ಹೇಳಿದ ಅಂಕಿ ಮೊದಲ ಅಭ್ಯಾಸದ ದಿನವೇ ಬಯಲಾಗುತ್ತದೆ.

ಯಾವಾಗ, ಹೇಗೆ ಮಾತನಾಡಬೇಕು?

ಸ್ಪರ್ಧೆ ನಡೆಯುತ್ತಿರುವಾಗ ತರಬೇತುದಾರರ ಬಳಿ ಹೋಗಬಾರದು. ಅವರ ಕಣ್ಣು ಆಗ ಮೈದಾನದಲ್ಲಿರುತ್ತದೆ. ತನ್ನ ಸ್ಪರ್ಧೆ ಮುಗಿದು, ಉಸಿರು ಹತೋಟಿಗೆ ಬಂದ ಬಳಿಕ, ಅವರು ಬಿಡುವಾಗಿರುವುದನ್ನು ನೋಡಿ ಹೋಗಬೇಕು. ಒಂದು ನಿಮಿಷದ ಮಾತು ಸಾಕು. ಮಾದರಿ ಹೀಗಿರಬಹುದು:

“ನಮಸ್ಕಾರ ಸರ್. ನನ್ನ ಹೆಸರು ಇಂಥದು. ಇಂಥ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಇಂದು ಜೂನಿಯರ್ ಉದ್ದಜಿಗಿತದಲ್ಲಿ 4.62 ಮೀಟರ್ ಹಾರಿದೆ. ನಿಮ್ಮ ವಸತಿನಿಲಯಕ್ಕೆ ಸೇರುವ ಆಸೆಯಿದೆ. ಆಯ್ಕೆಯಾಗಲು ನಾನು ಏನನ್ನು ಸುಧಾರಿಸಿಕೊಳ್ಳಬೇಕು?”

ಕೊನೆಯ ಪ್ರಶ್ನೆಯೇ ಇಲ್ಲಿ ಮುಖ್ಯ. ‘ನನ್ನನ್ನು ಸೇರಿಸಿಕೊಳ್ಳುತ್ತೀರಾ’ ಎಂದು ಕೇಳಿದರೆ ಉತ್ತರ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ‘ಏನನ್ನು ಸುಧಾರಿಸಿಕೊಳ್ಳಬೇಕು’ ಎಂದು ಕೇಳಿದರೆ ಅವರು ಕಲಿಸತೊಡಗುತ್ತಾರೆ. ಕಲಿಯಲು ಬಂದ ಮಗುವನ್ನು ಅವರು ಮರೆಯುವುದಿಲ್ಲ. ಅವರು ಹೇಳಿದ್ದನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಗಾಯವಾಗಿದ್ದರೆ ಮುಚ್ಚಿಡಬಾರದು. ಸೋತದ್ದಕ್ಕೆ ತೀರ್ಪುಗಾರರನ್ನೋ ಪಾದರಕ್ಷೆಯನ್ನೋ ದೂರಬಾರದು.

ಭಾಷೆಯ ಪ್ರಶ್ನೆ

ಈ ಐದು ವಾಕ್ಯಗಳನ್ನು ಆಯಾ ರಾಜ್ಯದ ಭಾಷೆಯಲ್ಲಿ ಹೇಳಲು ಮಗುವಿಗೆ ಒಂದು ವಾರದ ಅಭ್ಯಾಸ ಸಾಕು. ಉಚ್ಚಾರದಲ್ಲಿ ತಪ್ಪಾದರೆ ಚಿಂತೆಯಿಲ್ಲ. ‘ನಾನು ಕನ್ನಡ ಮಾಧ್ಯಮದ ವಿದ್ಯಾರ್ಥಿ, ನಿಧಾನವಾಗಿ ಹೇಳಿದರೆ ಅರ್ಥವಾಗುತ್ತದೆ’ ಎಂಬ ಆರನೆಯ ವಾಕ್ಯವನ್ನೂ ಕಲಿಸಬೇಕು. ಇದು ಕ್ಷಮಾಯಾಚನೆಯಲ್ಲ, ಮಾಹಿತಿ. ತುಳು, ಕನ್ನಡ, ಮಲಯಾಳ ಮೂರನ್ನೂ ದಿನವೂ ಕೇಳಿ ಬೆಳೆದ ಕಾಸರಗೋಡಿನ ಮಗು ಹೊಸ ಮಾತನ್ನು ಬೇಗ ಹಿಡಿಯಬಲ್ಲುದು. ತಡೆಯುವುದು ನಾಚಿಕೆ ಮಾತ್ರ.

ಮೇಲೆ ಹೇಳಿದ ಘಟನೆಯ ಮರುವರ್ಷದಿಂದ ನಮ್ಮ ಶಾಲೆಯಲ್ಲಿ ಕೂಟಕ್ಕೆ ಹೋಗುವ ಪ್ರತಿಯೊಂದು ಮಗುವೂ ಬೆಳಗಿನ ಪ್ರಾರ್ಥನೆಯ ಬಳಿಕ ಸಹಪಾಠಿಗಳೆದುರು ಈ ಪರಿಚಯವನ್ನು ಹೇಳುತ್ತದೆ. ಎಲ್ಲರೂ ಆಯ್ಕೆಯಾಗಿಲ್ಲ. ಆದರೆ ಪ್ರಶ್ನೆ ಕೇಳಿದವರನ್ನು ಕಂಡು ಯಾರೂ ನಮ್ಮ ಬೆನ್ನ ಹಿಂದೆ ಅಡಗಿಲ್ಲ.

ರಕ್ಷಕರು ಕೇಳಬೇಕಾದ ಪ್ರಶ್ನೆಗಳು

ಮೊದಲ ಮಾತು ಮಗುವಿನದೇ ಆಗಿರಲಿ. ರಕ್ಷಕರು ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಲಿ. ತರಬೇತುದಾರರು ಆಸಕ್ತಿ ತೋರಿದ ಬಳಿಕ ರಕ್ಷಕರ ಸರದಿ. ಊಟ, ವಸತಿ, ಶುಲ್ಕ, ಗಾಯವಾದರೆ ಚಿಕಿತ್ಸೆಯ ವೆಚ್ಚ, ಹುಡುಗಿಯರ ವಸತಿನಿಲಯದಲ್ಲಿ ಮಹಿಳಾ ವಾರ್ಡನ್, ಮನೆಗೆ ಬರುವ ರಜೆ, ಸಾಧನೆ ಕುಂದಿದರೆ ಮಗುವಿನ ಗತಿ, ಇವೆಲ್ಲವನ್ನೂ ಕೇಳಬೇಕು. ಬೇರೆ ರಾಜ್ಯಕ್ಕೆ ಹೋಗುವುದಾದರೆ ಮುಂದೆ ಯಾವ ರಾಜ್ಯದ ಪರವಾಗಿ ಆಡಬೇಕಾಗುತ್ತದೆ, ಅದಕ್ಕೆ ಯಾರ ಅನುಮತಿ ಬೇಕು ಎಂಬುದನ್ನೂ ತಿಳಿಯಬೇಕು.

ನಮ್ಮವರು ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಪಾಠ ಯಾವ ಮಾಧ್ಯಮದಲ್ಲಿ? ಕಾಸರಗೋಡನ್ನು ದಾಟಿ ದಕ್ಷಿಣಕ್ಕೆ ಹೋದರೆ ಕನ್ನಡ ಮಾಧ್ಯಮದ ತರಗತಿಯನ್ನು ನಿರೀಕ್ಷಿಸುವಂತಿಲ್ಲ. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿತ ಮಗು ಎಂಟನೆಯದರಲ್ಲಿ ಒಮ್ಮೆಲೇ ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ ಮೊದಲ ವರ್ಷ ತರಗತಿಯಲ್ಲಿ ಮೌನವಾಗುತ್ತದೆ. ಆ ಮೌನ ಮೈದಾನಕ್ಕೂ ಹಬ್ಬಬಹುದು. ಹೀಗೆಂದು ಅವಕಾಶವನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಹೊಸ ಮಾಧ್ಯಮಕ್ಕೆ ಒಗ್ಗಿಕೊಳ್ಳಲು ವಿಶೇಷ ಪಾಠವುಂಟೇ, ಕನ್ನಡವನ್ನು ಒಂದು ಭಾಷೆಯಾಗಿ ಓದಿ ಪರೀಕ್ಷೆ ಬರೆಯಬಹುದೇ ಎಂದು ಕೇಳಿ, ರಜೆಯ ಎರಡು ತಿಂಗಳಲ್ಲಿ ಮಗುವನ್ನು ಸಿದ್ಧಗೊಳಿಸಬೇಕು. ಮಗುವಿನ ಕ್ರೀಡೆ ಕಾಯಲು ಎಡೆಗೊಡುವಂತಹುದಾದರೆ ಹತ್ತನೆಯ ತರಗತಿಯನ್ನು ಊರಿನಲ್ಲೇ ಮುಗಿಸಿ ಪ್ಲಸ್ ಒನ್ ಹಂತದಲ್ಲಿ ಹೊರಡುವುದೂ ಒಂದು ವಿವೇಕದ ದಾರಿ. ಜಿಮ್ನಾಸ್ಟಿಕ್ಸ್, ಈಜಿನಂತಹವುಗಳಲ್ಲಿ ಅಷ್ಟು ಕಾಯಲಾಗದು.

ಎಚ್ಚರಿಕೆಗಳು

ಆಯ್ಕೆ ಮಾಡಿಸಿಕೊಡುವುದಾಗಿ ಹಣ ಕೇಳುವವರನ್ನು ನಂಬಬಾರದು. ವಯಸ್ಸನ್ನು ಕಡಿಮೆ ಬರೆಸುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬಾರದು; ಮಣಿಕಟ್ಟಿನ ಎಲುಬಿನ ಪರೀಕ್ಷೆಯಲ್ಲಿ ಅದು ಹೊರಬಿದ್ದರೆ ಮಗುವಿನ ಭವಿಷ್ಯಕ್ಕೇ ಕುತ್ತು. ಯಾರೋ ಕೊಟ್ಟ ಪುಡಿ, ಮಾತ್ರೆ, ಚುಚ್ಚುಮದ್ದುಗಳನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಅಪ್ರಾಪ್ತ ಮಗುವಿನೊಡನೆ ತರಬೇತುದಾರರ ಸಂಪರ್ಕ ರಕ್ಷಕರ ಅಥವಾ ಶಿಕ್ಷಕರ ದೂರವಾಣಿಯ ಮೂಲಕವೇ ನಡೆಯಲಿ. ಒಂಟಿಯಾಗಿ ಬರಹೇಳಿದರೆ, ಮೈಮುಟ್ಟುವ ರೀತಿ ಸರಿಕಾಣದಿದ್ದರೆ ಮಗು ಮನೆಯಲ್ಲಿ ಹೇಳುವ ಧೈರ್ಯವನ್ನು ನಾವು ಮೊದಲೇ ಕೊಟ್ಟಿರಬೇಕು. ಹದಿನೆಂಟು ವರ್ಷದೊಳಗಿನವರ ರಕ್ಷಣೆಗೆ 2012ರ ಪೋಕ್ಸೋ ಕಾಯಿದೆಯಿದೆ. ಮಕ್ಕಳ ಸಹಾಯವಾಣಿ 1098.

ಮನೆಗೆ ಮರಳಿದ ಬಳಿಕ

ಒಂದು ವಾರದೊಳಗೆ ದೈಹಿಕ ಶಿಕ್ಷಣ ಶಿಕ್ಷಕರ ಮೂಲಕ ತರಬೇತುದಾರರಿಗೆ ವಂದನೆಯ ಸಂದೇಶ ಕಳುಹಿಸಬೇಕು. ಮೂರು ತಿಂಗಳ ಬಳಿಕ, ಅವರು ಸೂಚಿಸಿದ ತಿದ್ದುಪಡಿಯಿಂದ ಆದ ಪ್ರಗತಿಯನ್ನು ಅಂಕಿಯೊಡನೆ ತಿಳಿಸಬೇಕು. ಆಯ್ಕೆಯಾಗದಿದ್ದರೆ ಕಾರಣವನ್ನು ವಿನಯದಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಮಕ್ಕಳು ಬೆಳೆಯುವ ವೇಗ ಒಂದೇ ಅಲ್ಲ; ಹದಿಮೂರರಲ್ಲಿ ಬಿಟ್ಟುಹೋದವರು ಹದಿನಾರರಲ್ಲಿ ಆಯ್ಕೆಯಾಗುವುದುಂಟು.

ಪ್ರತಿ ಕನ್ನಡ ಮಾಧ್ಯಮ ಶಾಲೆಯ ರಕ್ಷಕ-ಶಿಕ್ಷಕ ಸಂಘ ಈ ಸಲದ ಸಭೆಯಲ್ಲಿ ಎರಡು ಕೆಲಸಗಳನ್ನು ಕೈಗೆತ್ತಿಕೊಳ್ಳಲಿ: ಕೂಟಕ್ಕೆ ಹೋಗುವ ಮಕ್ಕಳ ಪರಿಚಯ ಪತ್ರವನ್ನು ಸಿದ್ಧಪಡಿಸುವುದು ಹಾಗೂ ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲಿನ ಪ್ರಕಟಣೆಗಳನ್ನು ಕನ್ನಡಕ್ಕೆ ತಂದು ಶಾಲೆಯ ಫಲಕದಲ್ಲಿ ಹಾಕುವುದು. ಪ್ರಕಟಣೆ ಓದಲಾಗದ ಕಾರಣಕ್ಕೆ ಒಂದು ಮಗುವಿಗೂ ಅವಕಾಶ ತಪ್ಪದಿರಲಿ ಎಂಬುದು ನಮ್ಮ ಕೋರಿಕೆ.