ಹೃದಯದ ಕಾವಲೆಂದು ನಂಬಿದ ಗುಳಿಗೆ

2002ರ ಜುಲೈನಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪ್ರಯೋಗ ಅವಧಿಗೆ ಮುಂಚೆಯೇ ನಿಂತಿತು. ಅದರಲ್ಲಿದ್ದ 16,608 ಮಹಿಳೆಯರಲ್ಲಿ ಅರ್ಧದಷ್ಟು ಜನ ದಿನವೂ ಹಾರ್ಮೋನ್ ಗುಳಿಗೆ ನುಂಗುತ್ತಿದ್ದರು, ಉಳಿದವರದು ಔಷಧವಿಲ್ಲದ ಹುಸಿ ಗುಳಿಗೆ. ಆ ಗುಳಿಗೆ ಹೃದಯವನ್ನು ಕಾಯುತ್ತದೆ ಎಂದು ಆ ಹೊತ್ತಿಗೆ ಬಹಳಷ್ಟು ವೈದ್ಯರು ನಂಬಿದ್ದರು.

ನಂಬಿಕೆ ಹಳೆಯದು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಔಷಧ 'ಪ್ರೆಮರಿನ್' 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1966ರಲ್ಲಿ ವೈದ್ಯ ರಾಬರ್ಟ್ ವಿಲ್ಸನ್ ಬರೆದ 'ಫೆಮಿನೈನ್ ಫಾರೆವರ್' ಪುಸ್ತಕ, ಮುಟ್ಟು ನಿಲ್ಲುವುದನ್ನೇ ಒಂದು ಕೊರತೆಯ ಕಾಯಿಲೆ ಎಂದು ಸಾರಿತು. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲಿ ತಿಳಿದಾಗ ಬಳಕೆ ಕುಸಿಯಿತು. ಜೊತೆಗೆ ಪ್ರೊಜೆಸ್ಟಿನ್ ಸೇರಿಸಿದ ಮೇಲೆ ಮತ್ತೆ ಏರಿತು.

ಹೃದಯದ ಮಾತು ಬಲವಾಗಿದ್ದು ನರ್ಸ್‌ಗಳಿಂದ. 1976ರಲ್ಲಿ ಆರಂಭವಾದ 'ನರ್ಸಸ್ ಹೆಲ್ತ್ ಸ್ಟಡಿ' ಒಂದು ಲಕ್ಷಕ್ಕೂ ಹೆಚ್ಚು ನರ್ಸ್‌ಗಳ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿತು. ಹಾರ್ಮೋನ್ ತೆಗೆದುಕೊಳ್ಳುವವರಲ್ಲಿ ಹೃದ್ರೋಗ ಸುಮಾರು ಅರ್ಧದಷ್ಟು ಕಡಿಮೆ ಕಂಡಿತು. ಈಸ್ಟ್ರೋಜನ್ ಕೆಟ್ಟ ಕೊಲೆಸ್ಟ್ರಾಲ್ ಇಳಿಸಿ ಒಳ್ಳೆಯದನ್ನು ಏರಿಸುತ್ತದೆ ಎಂಬ ವಿವರಣೆಯೂ ಕೈಗೆ ಸಿದ್ಧವಿತ್ತು. 1985ರಲ್ಲಿ ಆ ವರದಿ ಅಚ್ಚಾದ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಫ್ರಾಮಿಂಗ್‌ಹ್ಯಾಮ್ ಊರಿನ ಅಧ್ಯಯನ ಇದಕ್ಕೆ ತದ್ವಿರುದ್ಧದ ಮಾತು ಹೇಳಿತ್ತು. ಆದರೂ ಗೆದ್ದದ್ದು ನರ್ಸ್‌ಗಳ ಲೆಕ್ಕ.

ತೊಡಕು ಇದ್ದದ್ದು ಹೋಲಿಕೆಯಲ್ಲೇ. ತಾವಾಗಿ ಹಾರ್ಮೋನ್ ಆರಿಸಿಕೊಂಡವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಅನುಕೂಲಸ್ಥರು, ವೈದ್ಯರನ್ನು ತಪ್ಪದೆ ಕಾಣುವವರು. ಅವರ ಹೃದಯ ಚೆನ್ನಾಗಿದ್ದುದು ಗುಳಿಗೆಯಿಂದಲೋ ಬದುಕಿನ ರೀತಿಯಿಂದಲೋ ಎಂದು ಬಿಡಿಸಲು ಚೀಟಿ ಎತ್ತಿದಂತೆ ಗುಂಪು ಮಾಡುವ ಪ್ರಯೋಗವೇ ಬೇಕಿತ್ತು. ಮೊದಲೇ ಹೃದ್ರೋಗವಿದ್ದ 2,763 ಮಹಿಳೆಯರ ಅಂಥ ಪ್ರಯೋಗ 1998ರಲ್ಲಿ ಹೊರಬಂತು. ಒಟ್ಟಾರೆ ಲಾಭವಿರಲಿಲ್ಲ, ಮೊದಲ ವರ್ಷದಲ್ಲಂತೂ ಹೃದಯಾಘಾತ ಹೆಚ್ಚೇ ಇತ್ತು.

ಅಷ್ಟರಲ್ಲಿ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ನಡೆಯುತ್ತಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿ ಬರ್ನಡಿನ್ ಹೀಲಿ 1991ರಲ್ಲಿ ಚಾಲನೆ ಕೊಟ್ಟ ಯೋಜನೆ ಅದು. ಎಂಟೂವರೆ ವರ್ಷ ನಡೆಯಬೇಕಿದ್ದ ಅದರ ಎರಡು ಹಾರ್ಮೋನ್‌ಗಳ ಪ್ರಯೋಗ ಸರಾಸರಿ 5.2 ವರ್ಷಕ್ಕೇ ನಿಂತಿತು. ಸ್ತನ ಕ್ಯಾನ್ಸರ್ ಮೊದಲೇ ಗೊತ್ತುಮಾಡಿದ್ದ ಮಿತಿ ದಾಟಿತ್ತು. ಹುಸಿ ಗುಳಿಗೆಯ ಗುಂಪಿನಲ್ಲಿ ವರ್ಷಕ್ಕೆ 10,000 ಮಂದಿಗೆ 30 ಹೃದ್ರೋಗದ ಪ್ರಕರಣಗಳಿದ್ದರೆ ಹಾರ್ಮೋನ್ ಗುಂಪಿನಲ್ಲಿ 37. ಪಾರ್ಶ್ವವಾಯು 8 ಹೆಚ್ಚು, ಸೊಂಟದ ಮೂಳೆ ಮುರಿತ 5 ಕಡಿಮೆ.

ಸುದ್ದಿ ಹಬ್ಬಿದ್ದು "ಶೇಕಡಾ 29 ಹೆಚ್ಚು ಅಪಾಯ" ಎಂದು. ಹತ್ತು ಸಾವಿರಕ್ಕೆ ಏಳು ಎಂಬುದು ಹಿಂದೆ ಉಳಿಯಿತು. ಲಕ್ಷಾಂತರ ಮಹಿಳೆಯರು ಗುಳಿಗೆ ಬಿಟ್ಟರು. ಬೆವರು, ಬಿಸಿಯುಬ್ಬರ, ನಿದ್ದೆಗೇಡಿನಿಂದ ಬಳಲುತ್ತಿದ್ದವರೂ ಅವರಲ್ಲಿದ್ದರು.

ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಅಂದರೆ ಹಲವರಿಗೆ ಮುಟ್ಟು ನಿಂತು ದಶಕವೇ ದಾಟಿತ್ತು. 2007ರಲ್ಲಿ ಅದೇ ಅಂಕಿಗಳನ್ನು ವಯಸ್ಸಿನ ಪ್ರಕಾರ ಬೇರ್ಪಡಿಸಿ ನೋಡಿದಾಗ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡಿದವರಲ್ಲಿ ಹೃದ್ರೋಗ ಏರಿದ್ದು ಕಾಣಲಿಲ್ಲ. ಇಪ್ಪತ್ತು ವರ್ಷ ದಾಟಿದವರಲ್ಲಿ ಕಂಡಿತು.

ಇಂದು ವೈದ್ಯರು ಹೃದಯ ಕಾಯಲೆಂದು ಹಾರ್ಮೋನ್ ಬರೆಯುವುದಿಲ್ಲ. ಅರವತ್ತರೊಳಗಿನ, ಬೇರೆ ಅಡ್ಡಿಯಿಲ್ಲದ ಮಹಿಳೆ ಬಿಸಿಯುಬ್ಬರದಿಂದ ನರಳುತ್ತಿದ್ದರೆ ಕೊಡಲು ಹಿಂಜರಿಯಬೇಕಾಗಿಯೂ ಇಲ್ಲ. ಈ ಎರಡು ಮಾತನ್ನು ಬೇರೆಬೇರೆಯಾಗಿ ಹೇಳಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.